ಬಿಸಿಯಿದ್ದಾಗ ಗಾಳಿ ಬಿಡಬ್ಯಾಡ

ಲೋಕಾಪುರದ ಆಚೆ, ಸುಣ್ಣಗಲ್ಲಿನ ಗಣಿಯೊಳಗ
ಏಪ್ರಿಲ್ ಮಧ್ಯಾಹ್ನ ಎರಡೂವರಿ.
ನೆಲಾನೂ ಬೆಳ್ಳಗ, ಮುಗಿಲೂ ಬೆಳ್ಳಗ,
ನಡುವ ಕರ್ರಗಿರೂದು ಟೈರೊಂದೇ.

ನನ್ನ ಕೆಲಸ ಅದನ್ನ ಮುಟ್ಟೂದು.
ಹಂಚು ಕಾದೈತೋ ಇಲ್ಲೋ ಅಂತ ನಮ್ಮವ್ವ ನೋಡತಿದ್ದಳಲ್ಲ,
ಹಂಗ, ಮುಂಗೈ ಹಚ್ಚೀ ಹಚ್ಚಲಾರದಂಗ.
ಆಮ್ಯಾಲ ಗನ್ನು ಹಿಡೀತೀನಿ. ಕೆಂಪು ಚುಕ್ಕಿ ಬೀಳತೈತಿ,
ಅಂಕಿ ಬರತೈತಿ. ಅಂಕಿ ಸುಳ್ಳಲ್ಲ,
ಪೂರ್ತಿ ಖರೇನೂ ಅಲ್ಲ.
ರಬ್ಬರಿನ ತೊಗಲು ದಪ್ಪ, ಒಳಗಿನ ಕುದಿ ಹೊರಗ ಬರಾಕ
ತಾಸುಗಟ್ಲೆ ಹಿಡೀತೈತಿ.

ನಮ್ಮಪ್ಪ ಪಿಂಜಾರ.
ಇಲಕಲ್ಲಿನಿಂದ ಹಿಡದು ಮುಧೋಳತನಕ
ಹೆಗಲ ಮ್ಯಾಲ ಬಿಲ್ಲು ಹೊತ್ತು ತಿರಗಿದಾವ.
ಟಂವ್ ಟಂವ್ ಅಂತ ಅರಳಿ ಬಡದು
ಹಳೇ ಗಾದಿಗೆ ಗಾಳಿ ತುಂಬತಿದ್ದ.
"ಮಂದಿ ಮಲಗೂದು ಅರಳಿ ಮ್ಯಾಲಲ್ಲೋ, ಗಾಳಿ ಮ್ಯಾಲ" ಅಂತಿದ್ದ.
ನಾನೂ ಈಗ ಅದನ್ನೇ ಮಾಡತೀನಿ.
ಅರವತ್ತು ಟನ್ ಕಲ್ಲು ಗಾಳಿ ಮ್ಯಾಲ ಮಲಗತೈತಿ,
ಟೈರು ಬರೇ ಗಲೀಫು.

ಏಳನೇ ನಂಬರ್ ಡಂಪರಿನ ಗಿರಿಮಲ್ಲಗ ಅವಸರ.
ಮ್ಯಾಲಿನಿಂದ ಹುಕುಂ: ಪಾಳಿಗೆ ನಾಕು ಟ್ರಿಪ್ ಹೆಚ್ಚಿಗಿ.
ಒಂದು ಬಕೆಟ್ ಜಾಸ್ತಿ ಹೇರಿಸಿಕೊಂಡಾನ,
ತಿರುವಿನಾಗ ವೇಗ ಇಳಿಸಿಲ್ಲ,
ಕ್ರಷರ್ ತನಕ ಹೋಗಿ ಬಂದು, ಹೋಗಿ ಬಂದು,
ಗೇಜು ಹಚ್ಚಿದರ ನೂರಾ ಇಪ್ಪತ್ತಾರು.
ಮುಂಜಾನೆ ತಣ್ಣಗಿದ್ದಾಗ ನಾನೇ ನೂರು ಇಟ್ಟು ಕಳಿಸಿದ್ದೆ.

"ಏ ನದಾಫ, ಒಂಚೂರು ಗಾಳಿ ಬಿಡೋ, ನೂರಕ್ಕ ಇಳೀಲಿ,
ನಾ ಹೊಂಡತೀನಿ."

ಬ್ಯಾಡ ಗಿರಿಮಲ್ಲ.
ಬಿಸಿಯಿದ್ದಾಗ ಗಾಳಿ ಬಿಡಬ್ಯಾಡ.
ಮ್ಯಾಲಿನ ಇಪ್ಪತ್ತಾರು ಗಾಳಿಯಲ್ಲ.
ಅದು ಬಿಸಿಲು, ಅದು ಆ ಜಾಸ್ತಿ ಬಕೆಟ್ಟು,
ಅದು ಸಾಹೇಬರ ಫೋನು.
ಈಗ ಬಿಟ್ಟರ ರಾತ್ರಿ ತಣ್ಣಗಾಗಿ
ಎಂಬತ್ತಕ್ಕ ಕುಂದರತೈತಿ.
ನಾಳೆ ಸುತ್ತಿಗೊಮ್ಮೆ ಅದರ ಹೊಟ್ಟಿ ಬಗ್ಗತೈತಿ,
ಬಗ್ಗಿದಷ್ಟೂ ಕಾಯತೈತಿ, ಕಾದಷ್ಟೂ
ಮುಂದಿಂದು ನಿನಗ ಗೊತ್ತೈತಿ.

ಹೋದ ವರ್ಷ ಮೂರನೇ ನಂಬರಿಂದು,
ಹಿಂದಿನ ಜೋಡಿಯೊಳಗ ಒಳಗಿನ ಟೈರು.
ಹೊರಗಿಂದು ಚಂದಿತ್ತು. ಎಲ್ಲಾರೂ ಹೊರಗಿಂದನ್ನೇ ನೋಡಿದ್ವಿ.
ಗಾಡಿ ನಿಂತು ಅರ್ಧ ತಾಸಾದ ಮ್ಯಾಲ ಸಿಡೀತು.
ಕ್ಯಾಂಟೀನಿನ ಪತ್ರಾಸು ಹಾರಿ ಹೋತು.
ಯಾರಿಗೂ ಏನೂ ಆಗಲಿಲ್ಲ,
ವರದಿಯೊಳಗ ಹಂಗ ಬರದಾರ.
ನನ್ನ ಎಡಗಿವಿ ಮಾತ್ರ ಅವತ್ತಿನಿಂದ
ಟಂವ್ ಅಂತೈತಿ.

ಅದಕ್ಕ ನಿಲ್ಲಿಸು. ನೀರು ಸುರೂಬ್ಯಾಡ.
ಅದರ ನೆರಳಿಗೆ ಕುಂದರಬ್ಯಾಡ.
ಈ ಬಯಲಾಗ ಅದೊಂದೇ ನೆರಳು, ನನಗೂ ಗೊತ್ತೈತಿ.
ಬಾ, ದೂರ, ಟ್ಯಾಂಕರಿನ ಹಿಂದ ನಿಲ್ಲೂಣು.

ವಾಕಿಟಾಕಿ ಗೊರಗೊರ ಅಂತು:
"ಏಳು ಯಾಕ ನಿಂತೈತಿ?"
ಉಸುರು ಹಿಡಕೊಂಡು ನಿಂತೈತ್ರಿ ಸರ್.
"ಎಷ್ಟೊತ್ತು?"
ಅದನ್ನ ಅದೇ ಹೇಳಬೇಕ್ರಿ.

ಗಿರಿಮಲ್ಲ ಬುತ್ತಿ ಬಿಚ್ಚಿದ. ಕಟಕ ರೊಟ್ಟಿ, ಶೇಂಗಾ ಚಟ್ನಿ,
ಅರ್ಧ ನನಗ ಕೊಟ್ಟ, ಮುಖ ನೋಡಲಿಲ್ಲ.
ಕೆಳಗ ರಸ್ತಾದಾಗ ಗ್ರೇಡರಿನ ಸಂಗನಬಸು
ಉದುರಿದ ಕಲ್ಲು ಬಳದು ಬದಿಗೆ ಹಾಕತಿದ್ದ.
ಬಾಳ ಹೊತ್ತಾದ ಮ್ಯಾಲ ಅಂದ:
"ಮನ್ಯಾಗ ಬಾಣಂತಿ ಅದಾಳ. ಹನ್ನೊಂದು ದಿನದ ಕೂಸು.
ಫ್ಯಾನ್ ಹಚ್ಚಿದರ ಬೆಂಕಿ ಬಡದಂಗ ಆಕ್ಕೈತಿ ಅಂತಾಳ.
ಹೆಚ್ಚಿನ ಟ್ರಿಪ್ಪಿನ ರೊಕ್ಕದಾಗ ಒಂದು ಕೂಲರ್ ತರಬೇಕಂತ..."

ಗೇಜು ನನ್ನ ಕೈಯಾಗಿತ್ತು.
ಅದರಾಗ ಇದಕ್ಕ ಅಂಕಿ ಇರಲಿಲ್ಲ.
ರೊಟ್ಟಿ ಮುರದೆ.

ಮರುದಿನ ಐದೂ ಮುಕ್ಕಾಲು. ಕಲ್ಲು ಸೈತ ತಣ್ಣಗ.
ಕ್ಯಾಪು ತಿರುವಿ ಗೇಜು ಒತ್ತಿದೆ:
ತೊಂಬತ್ತೊಂಬತ್ತು.
ಒಂದು ಪೌಂಡು ರಾತ್ರಿಯೊಳಗ ಎಲ್ಲಿ ಹೋತೋ,
ಅದಷ್ಟು ತುಂಬಿದೆ.

ಗಿರಿಮಲ್ಲ ಹಾರ್ನ್ ಹೊಡದು ಹೊಂಟ.
ಮೊದಲನೇ ತಿರುವಿನಾಗ ವೇಗ ಇಳಿಸಿದನೋ ಇಲ್ಲೋ,
ಧೂಳಿನಾಗ ಕಾಣಲಿಲ್ಲ.
ಬಲಗಿವಿ ಆ ಕಡೆ ತಿರುವಿ
ನಿಂತೆ.