ಮುದ್ದೆಮಾಲು ಸಂಖ್ಯೆ ಎರಡು

ಭಾನುವಾರ ಸಂಜೆ ಐದೂವರೆ. ಸುಂಟಿಕೊಪ್ಪ ಠಾಣೆ.
ಮೇಜಿನ ಮೇಲೆ ಎಂಟು ಸಾವಿರದ ಮುನ್ನೂರು ರೂಪಾಯಿ,
ಅಂಚು ಮಡಿಸಿದ ಕುಕ್ಕುಟ ಪಂಚಾಂಗ,
ನೂಲು ಸುತ್ತಿದ ಎರಡು ಬಾಳು, ಕಿರುಬೆರಳಿನುದ್ದ.
ಹಿಡಿದವರ ತುಳುವಿನಲ್ಲಿ ಅದು ಕತ್ತಿ.
ನನ್ನ ರಿಜಿಸ್ಟರಿನ ಕನ್ನಡದಲ್ಲಿ ಬದುಕು.
ಗೋಣಿಚೀಲದಲ್ಲಿ ಎರಡು ಹುಂಜ.
ನಾನು ಠಾಣೆಯ ರೈಟರ್. ಬರೆಯಬೇಕು.

ಒಂದನೆಯದು ಬರೆಯುವಷ್ಟರಲ್ಲಿ ಸತ್ತಿತು.
ಎರಡನೆಯದು, ಬೂದಿ ಬಣ್ಣದ್ದು,
ರೆಕ್ಕೆಯಡಿ ಗಾಯ ಬಾಯಿಬಿಟ್ಟಿದ್ದರೂ
ಬಸ್ಸಿಗೆ ಕಾಯುವವರ ಹಾಗೆ ನಿಂತಿತ್ತು.
ಪಶು ಆಸ್ಪತ್ರೆಗೆ ಬೀಗ.
"ಸೂಜಿ ಕೊಡಿ ಮೇಡಂ" ಎಂದ ಲಾಕಪ್ಪಿನೊಳಗಿಂದ ಐತಪ್ಪ,
ಮೊದಲನೇ ಆರೋಪಿ, ತೋಟದಲ್ಲಿ ಮರಗಸಿ ಮಾಡುವವ.
ನನ್ನ ಅಂಗಿಯ ಗುಂಡಿಗೆಂದು ಇಟ್ಟಿದ್ದ ಖಾಕಿ ದಾರ ಕೊಟ್ಟೆ.
ಕಂಬಿಯ ಸಂದಿಯಿಂದ ಕೈ ಹೊರಗಿಟ್ಟು
ಒಂಬತ್ತು ಹೊಲಿಗೆ ಹಾಕಿದ. ಪ್ರತಿ ಹೊಲಿಗೆಗೂ ಊದಿದ.
ಮಧ್ಯಾಹ್ನ ಅದರ ಕಾಲಿಗೆ ಬಾಳು ಕಟ್ಟಿದ್ದೂ
ಅದೇ ಬೆರಳು, ಅಷ್ಟೇ ಹಗುರ.

ಮಹಜರಿನ ಏಳನೇ ಕಲಂ: ಆಯುಧ ಯಾರ ವಶದಲ್ಲಿತ್ತು?
ಇದ್ದದ್ದನ್ನೇ ಬರೆದೆ: ಹುಂಜದ ಎಡಗಾಲಿನಲ್ಲಿ.
ಎಸ್‌ಐ ನಕ್ಕು ಕಾಟು ಹಾಕಿದರು:
"ಹೀಗೆ ಬರೆದರೆ ಅದನ್ನೇ ಮೊದಲನೇ ಆರೋಪಿ ಮಾಡಬೇಕಾದೀತು, ದೇಚಮ್ಮ."

ಆ ರಾತ್ರಿ ಠಾಣೆಯಲ್ಲಿ ಎಲ್ಲರೂ ವಕೀಲರು.
ಜಾಮೀನಿಗೆಂದು ಬಂದ ಮ್ಯಾನೇಜರ್ ಪೂವಯ್ಯ:
ಲೈಸೆನ್ಸ್ ಕೊಟ್ಟುಬಿಡಿ. ಟಿಕೆಟ್ ಇಡಿ, ತೆರಿಗೆ ಹಾಕಿ,
ಪಕ್ಕದಲ್ಲೊಬ್ಬ ಡಾಕ್ಟರ್ ಕೂರಲಿ.
ಕದ್ದು ಆಡುವುದರಿಂದಲೇ ಈ ಕುಡಿತ, ಹೊಡೆದಾಟ.
ಎಸ್‌ಐ: ಇವತ್ತು ಕೋಳಿಗೆ ಕೊಟ್ಟರೆ
ನಾಳೆ ಮಟ್ಕಾದವನೂ ಅರ್ಜಿ ಹಿಡಿದು ಬರುತ್ತಾನೆ.
ಐತಪ್ಪ ಕಿಟಕಿಯತ್ತ ಗಲ್ಲ ತೋರಿದ.
ರಸ್ತೆಯಾಚೆ ಹಂಝನ ಕೋಳಿ ಅಂಗಡಿ,
ಭಾನುವಾರಕ್ಕೆ ಇನ್ನೂರು ಕತ್ತು,
ಗೋಡೆಯ ಮೇಲೆ ಪಂಚಾಯಿತಿ ಲೈಸೆನ್ಸು, ಚೌಕಟ್ಟು ಹಾಕಿಸಿದ್ದು.
"ಅಲ್ಲಿಯವು ನಲವತ್ತು ದಿನ ಬದುಕ್ತಾವೆ.
ನಂದು ಎರಡು ವರ್ಷ, ದಿನಾ ನಾಲ್ಕು ಬಾದಾಮಿ ತಿಂದು."

ನನ್ನ ಬಳಿ ಉತ್ತರವಿರಲಿಲ್ಲ.
ನಮ್ಮ ಐನ್‌ಮನೆಯ ಕೋವಿಗೂ ಲೈಸೆನ್ಸ್ ಬೇಡ;
ಕೈಲ್‌ಪೊಳ್ದಿನ ದಿನ ಅದರ ಬಾಯಿಗೆ ತೋಕ್‌ಪೂ ಸಿಕ್ಕಿಸಿ
ಕೈಮುಗಿಯುತ್ತೇವೆ.
ಅದೇ ಕೈಯಲ್ಲಿ ಕಿರುಬೆರಳಿನುದ್ದದ ಬಾಳನ್ನು
ಲಕೋಟೆಗೆ ಹಾಕಿ ಅರಗಿನ ಮೊಹರು ಒತ್ತಿದೆ.

ಹನ್ನೊಂದಕ್ಕೆ ಟೀ ಕೊಡುವಾಗ ಕೇಳಿದೆ:
ಬಾಳು ಕಟ್ಟದೆ ಬಿಟ್ಟರೆ ಏನಾಗುತ್ತೆ?
"ಜಗಳ ಆಡ್ತಾವೆ. ಅವಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ."
ಆಮೇಲೆ?
"ಆಮೇಲೆ ಒಂದು ಓಡಿಹೋಗುತ್ತೆ."
ಟೀ ಊದಿಕೊಂಡು ಕುಡಿದು ತಾನೇ ಮುಂದುವರಿಸಿದ:
"ಓಡಿಹೋಗೋ ಕೋಳಿ ಮೇಲೆ ಯಾರು ದುಡ್ಡು ಹಾಕ್ತಾರೆ ಮೇಡಂ?"

ಲೈಸೆನ್ಸ್ ಬರೆಯುವ ಕೆಲಸ ನನಗೆ ಬಂದರೆ
ಒಂದೇ ಷರತ್ತು ಬರೆದೇನು:
ಸೋತದ್ದಕ್ಕೆ ಓಡಲು ದಾರಿ ಬಿಡತಕ್ಕದ್ದು.
ಆಮೇಲೆ ಕೌಂಟರಿನಲ್ಲಿ ಸುಮ್ಮನೆ ಕೂತಿರಬಹುದು.
ಯಾರೂ ಬರುವುದಿಲ್ಲ.

ಹತ್ತು ದಿನ ಅದು ಠಾಣೆಯ ಹಿಂದೆ
ಜಪ್ತಿಯಾದ ಬೈಕುಗಳ ನಡುವೆ ಇತ್ತು,
ನನ್ನ ಬುತ್ತಿಯ ಪಾಪುಟ್ಟಿಗೆ ಪಾಲುದಾರ.
ಒಮ್ಮೆ ಬೈಕಿನ ಕನ್ನಡಿಯಲ್ಲಿ ತನ್ನನ್ನೇ ಕಂಡು
ಕುತ್ತಿಗೆಯ ಗರಿ ಕೆದರಿತು. ಎರಡು ಸಲ ಕುಕ್ಕಿತು.
ಮತ್ತೆ ತಿರುಗಿ ಹೋಗಿ ನೆರಳಲ್ಲಿ ಕೂತಿತು.

ಕುಶಾಲನಗರದ ಕೋರ್ಟಿನಿಂದ ಆದೇಶ ಬಂತು, ಹರಾಜು ಹಾಕಿ.
ಹಂಝ ಒಂಬೈನೂರಕ್ಕೆ ನಿಲ್ಲಿಸಿದ.
ಜಾಮೀನಿನ ಮೇಲೆ ಬಂದ ಐತಪ್ಪ ಸಾವಿರ ಎಂದ.
'ಮತ್ತೆ ಕಟ್ಟತಕ್ಕದ್ದಲ್ಲ' ಎನ್ನಲು ರಸೀದಿಯಲ್ಲಿ ಜಾಗ ಹುಡುಕಿದೆ.
ಅಂಥ ಕಲಂ ಇಲ್ಲ.
ಕೆಳಗಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ.
ಓದಿದ. ಏನೂ ಹೇಳಲಿಲ್ಲ.
ಸಹಿಯನ್ನು ಸರಿಯಾಗಿ ಅದರ ಮೇಲೇ ಹಾಕಿದ,
ಒಪ್ಪಿದನೋ, ಹೊಡೆದುಹಾಕಿದನೋ.

ಹುಂಜವನ್ನು ಕಂಕುಳಲ್ಲಿ ಒತ್ತಿಕೊಂಡು ರಸ್ತೆ ದಾಟುತ್ತಿದ್ದಾಗ
ರೆಕ್ಕೆ ಸ್ವಲ್ಪ ಎದ್ದಿತು.
ಖಾಕಿ ದಾರ ಇನ್ನೂ ಅಲ್ಲೇ ಇತ್ತು.
ಬಿಚ್ಚಲು ಇಬ್ಬರೂ ಮರೆತಿದ್ದೆವು.