ಎಡಕ್ಕೆ ನಡೆಯುವ ಹುಡುಗಿ

ನಜ್ಲಾ ಮೇಡಂ ನನ್ನ ಹಾಳೆಗಳನ್ನು ಮೇಜಿನ ಮೇಲೆ ಹರಡಿ
ಕನ್ನಡಕ ಹಣೆಗೇರಿಸಿ ಹೇಳಿದರು:
ಚಿತ್ರ ಚೆಂದ. ಆದರೆ ನಿಮ್ಮ ಹುಡುಗಿ
ಮನೆಗೆ ವಾಪಸು ಹೋಗುತ್ತಿದ್ದಾಳಲ್ಲ!

ನೋಡಿದೆ. ಹೌದು.
ಕಳೆದುಹೋದ ಆಡನ್ನು ಹುಡುಕಿ ಹೊರಟ ಶಮ್ಮಾ
ಹನ್ನೆರಡು ಪುಟದಲ್ಲೂ ಬಲಕ್ಕೇ ಮುಖ ಮಾಡಿದ್ದಾಳೆ.
ಬಲದಿಂದ ತೆರೆಯುವ ಪುಸ್ತಕದಲ್ಲಿ
ಮುಂದೆ ಅಂದರೆ ಎಡ.
ಸ್ಲೇಟಿನ ಮೇಲೆ ಅ ಆ ತಿದ್ದಿದ ಕೈ ಇದು,
ಗಾಣದೆತ್ತಿಗೆ ಗೊತ್ತಿರುವುದು ಒಂದೇ ಸುತ್ತು.

ಕಂಪ್ಯೂಟರಿನಲ್ಲಿ ಮಗುಚಿ ಹಾಕಿ ಅಂದ ಶಿನೋಜ್,
ಒಂದು ಗುಂಡಿ ಒತ್ತಿದರಾಯಿತು.
ಒತ್ತಿದೆ.
ಆಡಿನ ಕಿವಿಯ ಗಾಯ ಆಚೆ ಕಿವಿಗೆ ಹಾರಿತು.
ಅಜ್ಜಿ ಅತಿಥಿಗೆ ಎಡಗೈಯಲ್ಲಿ
ಖಾವಾ ಬಟ್ಟಲು ನೀಡಿದಳು.
ಅದು ಇವರಲ್ಲಿ ಮರ್ಯಾದೆಯಲ್ಲ,
ನಮ್ಮಲ್ಲೂ ಅಲ್ಲ.

ಅಜ್ಮಾನಿನ ನನ್ನ ಕೋಣೆಯಲ್ಲಿ
ಏಸಿ ಒಂದೇ ಶ್ರುತಿ ಹಿಡಿದು ಕೂತಿರುತ್ತದೆ.
ಅದನ್ನು ಆರಿಸಿದರೆ ಅರ್ಧ ಗಂಟೆಯಲ್ಲಿ
ಕಾಗದ ನೆನೆದ ಹಪ್ಪಳ.
ಪಕ್ಕದ ಮನೆಯ ವಾಷಿಂಗ್ ಮಷೀನು, ಲಿಫ್ಟಿನ ಕೆಮ್ಮು,
ಕೆಳಗೆ ಕಿರಾಣಿ ಹುಡುಗನ ಬೈಕು.
ನಾಲ್ಕು ರಾತ್ರಿ ಶಮ್ಮಾಳನ್ನು ಎಡಕ್ಕೆ ನಡೆಸಲು ನೋಡಿದೆ.
ನಾಲ್ಕು ರಾತ್ರಿಯೂ ಅವಳು
ಯಾರೋ ಕತ್ತು ಹಿಡಿದು ತಿರುಗಿಸಿದ ಹಾಗೆ ನಿಂತಳು.

ಶುಕ್ರವಾರ ಬೆಳಗಿನ ಜಾವ ಟ್ಯಾಕ್ಸಿ ಹಿಡಿದು
ಉಮ್ಮ್ ಅಲ್ ಕುವೈನಿನ ಹಿನ್ನೀರಿಗೆ ಹೋದೆ.
ಇಲ್ಲೇನೂ ಇಲ್ಲವಲ್ಲ ಅಂದ ಪಠಾಣ ಡ್ರೈವರು,
ವಾಪಸಿಗೆ ಗಾಡಿಯೂ ಸಿಗುವುದಿಲ್ಲ.
ಮೀಟರಿನ ದುಡ್ಡು ಎಣಿಸಿಕೊಂಡು, ಇನ್ನೊಮ್ಮೆ ಹೇಳಿ, ಹೋದ.

ಇಳಿತದ ಹೊತ್ತು.
ಕಾಂಡ್ಲಾ ಅನ್ನುತ್ತೇವೆ ನಮ್ಮ ಕಡೆ, ಇಲ್ಲಿ ಕುರ್ಮ್.
ಬೇರು ಕೆಸರಿನಿಂದ ಮೇಲೆದ್ದು ಉಸಿರಾಡುವುದು ಮಾತ್ರ
ಎರಡೂ ಭಾಷೆಯಲ್ಲಿ ಒಂದೇ ರೀತಿ.
ಇದು ನಿಶ್ಶಬ್ದ ಅಲ್ಲ. ಕೆಸರು ಪುಟಪುಟ ಗುಳ್ಳೆ ಒಡೆಯುತ್ತದೆ,
ಬೂದು ಕೊಕ್ಕರೆ ಕಾಲು ಎತ್ತಿದ ಸದ್ದು,
ಇಟ್ಟ ಸದ್ದು, ಬೇರೆ ಬೇರೆ.
ಯಾವುದೂ ನನ್ನನ್ನು ಕರೆಯುತ್ತಿಲ್ಲ, ಅಷ್ಟೆ.

ಬ್ಲೇಡಿನಲ್ಲಿ ಪೆನ್ಸಿಲು ಹೆರೆದೆ,
ಸಿಪ್ಪೆಯನ್ನು ಟಿಫಿನ್ ಡಬ್ಬಿಯ ಮುಚ್ಚಳಕ್ಕೆ ಹಾಕಿದೆ.
ಮೊದಲ ಮೂರು ಹಾಳೆ ಕೆಟ್ಟವು.
ಕೆಡಲೇಬೇಕು, ಮೊದಲ ದೋಸೆ ಕಾವಲಿಯದ್ದು.

ಮಗುಚಿದ ದೋಣಿಯ ನೆರಳಲ್ಲಿ ಒಬ್ಬ ಮುದುಕ
ತಂತಿಯ ಮೀನುಗೂಡು ನೇಯುತ್ತಿದ್ದ.
ಸಲಾಂ ಅಂದೆ, ಸಲಾಂ ಅಂದ, ಮುಗಿಯಿತು ಮಾತು.
ಬಹಳ ಹೊತ್ತಿನ ಮೇಲೆ ಕಂಡಿತು: ಅವನು ಎಡಚ.
ತಂತಿ ಬಾಗಿಸುವುದು, ಗಂಟು ಬಿಗಿಯುವುದು, ನೊಣ ಅಟ್ಟುವುದು,
ಎಲ್ಲ ಎಡಗೈ.
ಆಮೇಲೆ ಫ್ಲಾಸ್ಕು ತೆರೆದು ನನಗೊಂದು ಬಟ್ಟಲು ಕೊಡುವಾಗ
ಬಲಗೈ ಮುಂದೆ ಬಂತು,
ಹಬ್ಬದ ಅಂಗಿ ತೊಟ್ಟ ಹುಡುಗನ ಹಾಗೆ ನೆಟ್ಟಗೆ.

ಖಾವಾ ಕುಡಿದು
ಪೆನ್ಸಿಲನ್ನು ನನ್ನ ಎಡಗೈಗೆ ಕೊಟ್ಟೆ.
ಅನ್ನ ತಿನ್ನದ ಕೈ, ಸಹಿ ಹಾಕದ ಕೈ,
ಆರತಿ ತೆಗೆದುಕೊಳ್ಳುವಾಗಲೂ ಹಿಂದೆ ನಿಂತ ಕೈ.
ಗೆರೆ ನಡುಗಿತು, ನಿಂತಿತು, ಒಂದು ಕಡೆ ಹರಿದೇಬಿಟ್ಟಿತು ಕಾಗದ.
ಹುಡುಗಿಯ ಒಂದು ಕಾಲು ಗಿಡ್ಡ.
ಮುಖ ಹಲಸಿನ ಬೀಜ.
ಆದರೆ ಹೊರಟಿದ್ದಳು.
ಗೊತ್ತಿಲ್ಲದ ಕಡೆ ಹೋಗುವವರು
ಹೆಜ್ಜೆಗೆ ಮೊದಲು ಹೆಬ್ಬೆರಳು ಕಳಿಸಿ ನೋಡುತ್ತಾರಲ್ಲ,
ಹಾಗೆ.

ಹತ್ತು ಗಂಟೆಗೆ ನೀರು ಏರಿತು,
ನನ್ನ ಚಪ್ಪಲಿಯ ಗುರುತು ಅಳಿಸಿತು.
ಮುದುಕನ ಪಿಕಪ್ಪಿನ ಹಿಂದೆ, ಗೂಡುಗಳ ಜೊತೆ ಕೂತು
ಹೈವೇ ತನಕ ಬಂದೆ.

ಹನ್ನೊಂದು ಪುಟ ಎಡಗೈಯವು.
ನಜ್ಲಾ ಮೇಡಂ ಕನ್ನಡಕ ಇಳಿಸಿ ನೋಡಿದರು,
ಈ ಕಾಲು ಅಂದರು, ಆಮೇಲೆ, ಇರಲಿ ಅಂದರು.
ಕೊನೆಯ ಪುಟದಲ್ಲಿ ಆಡು ಸಿಕ್ಕಿ
ಶಮ್ಮಾ ಮನೆಗೆ ಹೊರಡುತ್ತಾಳೆ, ಬಲಕ್ಕೆ.
ಅದನ್ನು ಬಲಗೈಗೇ ಬಿಟ್ಟೆ.
ಒಂದೇ ಎಳೆತ, ಎಲ್ಲೂ ಅಳಿಸಲಿಲ್ಲ.

ಆಡು ಮಾತ್ರ ಕತ್ತು ಹೊರಳಿಸಿ
ಕಾಂಡ್ಲಾ ಕಡೆಗೇ ನೋಡುತ್ತಿದೆ.