ಎಂಟನೆಯ ಹೆಸರು

ಬೋಳಾರದ ನಮ್ಮ ಶಾಲೆಯ ಗ್ಲೋಬಿಗೆ
ಉತ್ತರ ಧ್ರುವ ಇರಲಿಲ್ಲ.
ಅಲ್ಲೊಂದು ಹಿತ್ತಾಳೆಯ ಬಿಲ್ಲೆ, ನಡುವೆ ತಿರುಪು.
ಸೆವ್ರಿನ್ ಟೀಚರು ಬಿಲ್ಲೆಯ ಸುತ್ತ ಬೆರಳಾಡಿಸಿ
ಇದರಡಿ ಐಸು, ಐಸಿನಡಿ ಕಡಲು,
ಸುತ್ತ ಎಂಟು ಮಂದಿ ಅಂದರು,
ಬಾವಿಕಟ್ಟೆಗೆ ಕೊಡ ಹಿಡಿದು ಬಂದವರ ಹಾಗೆ.

ರಷ್ಯಾ, ಕೆನಡಾ, ಅಮೆರಿಕ, ನಾರ್ವೆ,
ಸ್ವೀಡನ್, ಫಿನ್‌ಲೆಂಡ್, ಐಸ್‌ಲೆಂಡ್.
ಏಳಕ್ಕೆ ನನ್ನ ಬಾಯಿ ಕಟ್ಟುತ್ತಿತ್ತು.
ಡೆನ್ಮಾರ್ಕ್ ಎಲ್ಲುಂಟು ಟೀಚರ್ ಅಲ್ಲಿ?
ಅದು ಕೆಳಗಲ್ಲವಾ, ಕಿರುಬೆರಳಿನ ಉಗುರಿನಷ್ಟು?
ಧನಿಗಳು ಮುಂಬಯಿಯಲ್ಲಿದ್ದರೆ
ಮೂಲ್ಕಿಯ ಗದ್ದೆ ಅವರದ್ದಲ್ಲವಾ ಮಾರಾಯ?
ಗ್ರೀನ್‌ಲ್ಯಾಂಡ್ ಅದರ ಗದ್ದೆ.

ಗದ್ದೆಯಲ್ಲಿರುವವರನ್ನು ಕೇಳಿದ್ದಾರಾ?
ಹಿಂದಿನ ಬೆಂಚಿನಿಂದ ಜಯಕರ.
ಅವನಪ್ಪ ಗೇಣಿಯ ಗದ್ದೆ ಬಿಟ್ಟು ಬಂದವರು.
ಟೀಚರು ಕೈಯ ಸುಣ್ಣ ಒರೆಸಿಕೊಂಡು ಸುಮ್ಮನಾದರು.
ಅವರು ಸುಮ್ಮನಾದದ್ದು ನಾನು ಕಂಡದ್ದು
ಅದೊಂದೇ ಸಲ.

ಈಗ ನಾನು ದಕ್ಕೆಯ ಐಸ್ ಪ್ಲಾಂಟಿನಲ್ಲಿ ಗುಮಾಸ್ತ.
ಅಬ್ಬೋನು ಬ್ಯಾರಿ ಕೊಕ್ಕೆಯಲ್ಲಿ ಗಡ್ಡೆ ಎಳೆದು
ಹುಡಿಮಾಡುವ ಯಂತ್ರದ ಬಾಯಿಗೆ ನೂಕುತ್ತಾರೆ,
ನಾನು ಎಣಿಸುತ್ತೇನೆ.
ಪ್ರಾಯದಲ್ಲಿ ಹಡಗು ಹತ್ತಿ ಮುರ್ಮಾನ್ಸ್ಕ್ ಕಂಡವರು.
ಅಲ್ಲಿ ಐಸಿಗೆ ಯಾರೂ ಕಾಸು ಕೊಡುವುದಿಲ್ಲ,
ಹೊತ್ತುಕೊಂಡು ಹೋದರೆ ಕೊಡುತ್ತಾರೆ ಅನ್ನುತ್ತಾರೆ.
ಎಡಗೈಯ ಉಂಗುರಬೆರಳಿಗೆ ತುದಿಯಿಲ್ಲ.
ಚಳಿ ತಿಂದದ್ದು ಅಂತ ಅವರು.
ಯಂತ್ರ ತಿಂದದ್ದು ಅಂತ ಉಳಿದವರು.
ನಾನು ಎರಡನ್ನೂ ನಂಬುತ್ತೇನೆ.

ಒಂದೊಂದು ಗಡ್ಡೆಯ ನಡುವೆಯೂ
ಮೀನಿನ ಮುಳ್ಳಿನಂಥ ಬಿಳಿ ಗಾಳಿ.
ನೆಲದ ಮೇಲೆ ನೀರಾದದ್ದು
ನನ್ನ ಪುಸ್ತಕಕ್ಕೆ ಬಾರದೆ
ಬಾಗಿಲ ಸಂದಿಯಲ್ಲಿ ನುಸುಳಿ ಅಳಿವೆಗೆ ಹೋಗುತ್ತದೆ.
ಬಂಗುಡೆ ಕಟ್ಟಿ ತಂದ ಪೇಪರಿನಲ್ಲಿ ಓದಿದೆ:
ಅಲ್ಲಿಯೂ ಕರಗುತ್ತಿದೆಯಂತೆ,
ಕರಗಿದಷ್ಟೂ ಎಂಟು ಮಂದಿ
ಕಟ್ಟೆಗೆ ಹತ್ತಿರ ಸರಿಯುತ್ತಿದ್ದಾರಂತೆ.
ಆಮೇಲಿನ ಸಾಲುಗಳ ಮೇಲೆ ನೆತ್ತರು ಹರಡಿತ್ತು.

ಆಟಿ ತಿಂಗಳು, ಬೋಟುಗಳೆಲ್ಲ ದಡದಲ್ಲಿ,
ಒಂದೇ ಟ್ಯಾಂಕು ಓಡುತ್ತಿದ್ದ ರಾತ್ರಿ
ರಿಕ್ಷಾದಲ್ಲೊಬ್ಬ ಹುಡುಗ ಬಂದ.
ಸೆವ್ರಿನ್ ಟೀಚರು ಹೋದರು.
ಕರೆಂಟಿನ ಪೆಟ್ಟಿಗೆ ಸಿಗುವುದು ನಾಳೆಯೇ ಅಂತೆ,
ಅಷ್ಟರವರೆಗೆ ಮೂರು ಗಡ್ಡೆ.
ಅಬ್ಬೋನು ಬ್ಯಾರಿ ಬಿರುಕಿಲ್ಲದ್ದನ್ನೇ ಆರಿಸಿ
ಮರದ ಹುಡಿ ಸುರಿದು ಗೋಣಿ ಸುತ್ತಿ
ಮಗುವನ್ನು ಇಳಿಸುವ ಹಾಗೆ ರಿಕ್ಷಾದೊಳಗಿಟ್ಟರು.
ಹುಡುಗ ಕಿಸೆಗೆ ಕೈಹಾಕಿದ, ನಾನು ಬೇಡ ಅಂದೆ.

ಪುಸ್ತಕ ತೆರೆದೆ. ಗಿರಾಕಿಯ ಹೆಸರಿನ ಜಾಗ.
ಜಲದುರ್ಗಾ, ಸೀ ಪರ್ಲ್ ಬೋಟುಗಳ ಕೆಳಗೆ
ಅವರ ಹೆಸರಿಡಲು ಕೈ ಬರಲಿಲ್ಲ.
ಡೆನ್ಮಾರ್ಕ್ ಅಂತ ಬರೆದೆ.
ಗಡ್ಡೆ ಮೂರು. ಬಾಕಿ.

ತಿಂಗಳ ಕೊನೆಗೆ ನಮ್ಮ ಧನಿಗಳು ಕನ್ನಡಕ ಏರಿಸಿ
ಇದು ಯಾವ ಬೋಟಾ? ಅಂದರು.
ದೂರದವರು. ಅಲ್ಲಿ ಇರುವುದಿಲ್ಲ,
ಆದರೆ ಜಾಗ ಅವರದ್ದೇ ಅಂದೆ.
ಧನಿಗಳು ಏನೂ ಕೇಳಲಿಲ್ಲ.
ಸಂಬಳದಲ್ಲಿ ಹಿಡಿದುಕೊಂಡರು.